ಅಂಕ ಸಾಕು, ಕರಾರಿನ ಕಥೆ ಹೇಳಿ

ನಮಸ್ಕಾರ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ರಾಬರ್ಟ್‌ಸನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ. ವಿಷಯ ಗಟ್ಟಿಯಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1961-62ರ ಸೀಸನ್ನಿನಲ್ಲಿ ಪ್ರತಿ ಪಂದ್ಯಕ್ಕೆ ಅವರ ಸರಾಸರಿ 30.8 ಅಂಕ, 12.5 ರೀಬೌಂಡ್ (ಬುಟ್ಟಿಗೆ ಬೀಳದ ಚೆಂಡನ್ನು ಹಿಡಿಯುವುದು), 11.4 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಪಾಸ್ ಕೊಡುವುದು). ಇದಕ್ಕೆ ನಾಲ್ಕು ಪ್ಯಾರಾ ಕೊಟ್ಟಿದ್ದೀರಿ. ಅವರು ಆಡುತ್ತಿದ್ದ ವೃತ್ತಿಪರ ಲೀಗ್ ಎನ್‌ಬಿಎ ಮೇಲೆ ಹೂಡಿದ ಮೊಕದ್ದಮೆಗೆ ಮಾತ್ರ ಒಂದೇ ಸಾಲು: 'ಆಟಗಾರರ ಹಕ್ಕುಗಳಿಗಾಗಿಯೂ ಹೋರಾಡಿದರು.' ಯಾವ ಹಕ್ಕು? ಯಾರ ವಿರುದ್ಧ? ಓದುಗರು ಕೇಳುವುದು ಅದನ್ನೇ ಅಲ್ವಾ?

ಆಗಿನ ಕರಾರು ಹೇಗಿತ್ತು ಅಂತ ಮೊದಲು ಬಿಡಿಸಿ ಹೇಳಿ. ಕಾಲೇಜಿನಿಂದ ಬಂದ ಹುಡುಗನನ್ನು ಒಂದು ತಂಡ ಆರಿಸಿಕೊಂಡರೆ ಮುಗೀತು, ಲೀಗಿನ ಬೇರೆ ತಂಡದ ಜೊತೆ ಮಾತಾಡುವ ಹಾಗಿಲ್ಲ. ಕರಾರಿನ ಅವಧಿ ಮುಗಿದರೂ ತಂಡದ ಹಿಡಿತ ಬಿಡುತ್ತಿರಲಿಲ್ಲ. ತಂಡ ಮಾತ್ರ ಅವನನ್ನು ಕೇಳದೆಯೇ ಬೇರೆ ಊರಿಗೆ ಸಾಗಹಾಕಬಹುದಿತ್ತು.

'ಸಂಬಳಕ್ಕಾಗಿ ಕೋರ್ಟಿಗೆ ಹೋದರು' ಅಂತ ಕೆಲವರು ಹೇಳುವುದು ಅರ್ಧ ಸತ್ಯ. 1967ರಲ್ಲಿ ಎಬಿಎ ಅನ್ನುವ ಎದುರಾಳಿ ಲೀಗ್ ಹುಟ್ಟಿತು. ಪೈಪೋಟಿಗೆ ಸಂಬಳ ಏರಿತು. ಮಾಲೀಕರು ಎರಡೂ ಲೀಗನ್ನು ಒಂದು ಮಾಡಲು ಹೊರಟರು. ಹಾಗಾದರೆ ಆಟಗಾರನಿಗೆ ಹೋಗಲು ಇನ್ನೊಂದು ಬಾಗಿಲೇ ಇರುವುದಿಲ್ಲ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ರಾಬರ್ಟ್‌ಸನ್ 1970ರಲ್ಲಿ ಇನ್ನೂ 13 ಜನರ ಜೊತೆ ಮೊಕದ್ದಮೆ ಹೂಡಿದ್ದು ಇದನ್ನು ತಡೆಯಲು.

ನೀವು ಬಿಟ್ಟ ಒಂದು ಸಂಗತಿ ನನಗೆ ತುಂಬಾ ಇಷ್ಟ. ಅದೇ ವರ್ಷ ಅವರು ಆಡುತ್ತಿದ್ದ ಸಿನ್ಸಿನಾಟಿ ತಂಡ ಅವರನ್ನು ಬಾಲ್ಟಿಮೋರ್ ತಂಡಕ್ಕೆ ಕೊಡಲು ನೋಡಿತು. ಅವರು ಆಗಲ್ಲ ಅಂದರು. ಒಪ್ಪಿಗೆ ಇಲ್ಲದೆ ಕಳಿಸುವ ಹಾಗಿಲ್ಲ ಅಂತ ಅವರ ಕರಾರಿನಲ್ಲೇ ಬರೆಸಿಕೊಂಡಿದ್ದರು. ಆಮೇಲೆ ಮಿಲ್ವಾಕಿ ತಂಡಕ್ಕೆ ಹೋಗಿ 1971ರಲ್ಲಿ ಚಾಂಪಿಯನ್ ಆದರು. ತನ್ನ ಕೈಯಲ್ಲಿ ಈ ರಕ್ಷಣೆ ಇದ್ದವನು ಅದು ಇಲ್ಲದವರಿಗಾಗಿ ಕೋರ್ಟಿಗೆ ಹೋದ. ನಿಮ್ಮ ಲೇಖನ ಇದರ ಮೇಲೆ ನಿಲ್ಲಬೇಕು.

ಒಂದು ತಪ್ಪೂ ಇದೆ. 'ಗೆಲುವಿನ ಫಲ ಉಂಡರು' ಎಂದಿದ್ದೀರಿ. ಅವರು ಆಟ ಬಿಟ್ಟಿದ್ದು 1974ರಲ್ಲಿ, ಮೊಕದ್ದಮೆ ರಾಜಿ ಆಗಿದ್ದು 1976ರಲ್ಲಿ. ಆಗಲೂ ಪೂರ್ತಿ ಬಿಡುಗಡೆ ಸಿಗಲಿಲ್ಲ. ನಿರ್ಬಂಧವಿಲ್ಲದ ಫ್ರೀ ಏಜೆನ್ಸಿ, ಅಂದರೆ ಕರಾರು ಮುಗಿದ ಮೇಲೆ ಇಷ್ಟಬಂದ ತಂಡಕ್ಕೆ ಹೋಗುವ ಹಕ್ಕು, ಬಂದಿದ್ದು 1988ರಲ್ಲಿ.

ಚೆನ್ನಾಗಿರುವುದು ಐದನೇ ಪ್ಯಾರಾ. 1955ರಲ್ಲಿ ಕ್ರಿಸ್ಪಸ್ ಆಟಕ್ಸ್ ಎಂಬ ಕಪ್ಪು ಜನರ ಶಾಲೆ ಇಂಡಿಯಾನಾ ರಾಜ್ಯದ ಕಪ್ ಗೆದ್ದಾಗ, ಸಂಭ್ರಮವನ್ನು ಊರ ನಡುವಿನಲ್ಲಿ ನಡೆಸಲು ಬಿಡದೆ ದೂರದ ಪಾರ್ಕಿಗೆ ಕಳಿಸಿದ್ದು. ಹದಿನಾರರ ಹುಡುಗ ರಾಬರ್ಟ್‌ಸನ್ ಆ ಮೆರವಣಿಗೆಯಲ್ಲಿದ್ದ. ಅಲ್ಲಿಂದಲೇ ಶುರು ಮಾಡಿ. 'ಬ್ಯಾಸ್ಕೆಟ್‌ಬಾಲ್ ದೇವರು' ಅನ್ನುವ ಶೀರ್ಷಿಕೆ ತೆಗೆದು, 800 ಪದದೊಳಗೆ ಮತ್ತೆ ಬರೆದು ಕಳಿಸಿ.