ಪದ್ಯದ ಹೊತ್ತಿಗೆ ಮಗಳಿಗೆ ಹೊಟ್ಟೆನೋವು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ.)

ಒಬ್ಬ ತಾಯಿ ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಮಗಳಿಗೆ ಹತ್ತು ವರ್ಷ, ಮೂರು ವರ್ಷದಿಂದ ಮನೆಯಲ್ಲೇ ಪಾಠ. ಗಣಿತ, ವಿಜ್ಞಾನ ಚೆನ್ನಾಗಿಯೇ ನಡೆಯುತ್ತಿದೆ. ಹನ್ನೊಂದು ಗಂಟೆಗೆ ಪದ್ಯ, ನಾಟಕದ ಪಾಠ ಅಂದ ಕೂಡಲೇ ಹೊಟ್ಟೆನೋವು ಶುರು. ಡಾಕ್ಟರು ನೋಡಿ ಏನೂ ಇಲ್ಲ ಅಂದಿದ್ದಾರೆ. "ಸುಳ್ಳು ಹೇಳ್ತಿದ್ದಾಳೆ ಅಲ್ವಾ ಮೇಡಂ?" ಎಂದು ಕೇಳಿದರು. ಸುಳ್ಳಲ್ಲ. ಮಕ್ಕಳ ಭಯ ಎಷ್ಟೋ ಸಲ ಹೊಟ್ಟೆನೋವಾಗಿಯೇ ಬರುತ್ತದೆ, ಆ ನೋವು ನಿಜವಾಗಿಯೂ ಇರುತ್ತದೆ.

ನೋಟ್‌ಬುಕ್ ತೆರೆದು ನೋಡಿದೆ. ಎಡಗಡೆ ಕುಮಾರವ್ಯಾಸನ ಒಂದು ಷಟ್ಪದಿ, ಬಲಗಡೆ ಇಪ್ಪತ್ತಕ್ಕೂ ಜಾಸ್ತಿ ಶಬ್ದಾರ್ಥ, ಕೆಳಗೆ ಕೆಂಪು ಇಂಕಿನಲ್ಲಿ ಶುಕ್ರವಾರದ ಟೆಸ್ಟಿನ ಅಂಕ. ಒಂದು ಪುಟದಲ್ಲಿ ಒಂದೇ ಪದವನ್ನು ಅಳಿಸಿ ಬರೆದು, ಅಳಿಸಿ ಬರೆದು, ಕಾಗದ ತೂತಾಗಿತ್ತು. ನಾನು ಆ ತೂತಿನ ಮೇಲೆ ಬೆರಳಿಟ್ಟೆ. ತಾಯಿ ತುಂಬಾ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದರು. ಏಳನೇ ಕ್ಲಾಸಿನಲ್ಲಿ ಇವರೇ ಸ್ಟೇಜ್ ಮೇಲೆ ಪದ್ಯ ಹೇಳುತ್ತಾ ಮೂರನೇ ಸಾಲು ಮರೆತು ನಿಂತುಬಿಟ್ಟಿದ್ದರಂತೆ, ಎಲ್ಲರೂ ನಕ್ಕಿದ್ದರಂತೆ. ಮಗಳಿಗೆ ಹಾಗೆ ಆಗಬಾರದು ಅಂತಲೇ ಇಷ್ಟು ತಯಾರಿ.

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹನ್ನೊಂದು ಗಂಟೆಗೆ ಅಮ್ಮ ಟೀಚರ್ ಆಗ್ತಾಳೆ. ಆಮೇಲೂ ಟೀಚರ್ರೇ ಇರ್ತಾಳೆ."

ಮನೆಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಶಾಲೆಗೆ ಹೋಗುವ ಮಗು ಟೀಚರ್ ಬೈದರೆ ಸಂಜೆ ಬಂದು ಅಮ್ಮನ ಹತ್ತಿರ ಅಳುತ್ತದೆ. ಈ ಮಗು ಯಾರ ಹತ್ತಿರ ಅಳಬೇಕು? ಹಾಗಾಗಿ ನಾನು ಮೊದಲು ಹೇಳಿದ್ದು, ಆ ನೋಟ್‌ಬುಕ್ ಒಂದು ತಿಂಗಳು ಬೀರುವಿನಲ್ಲಿರಲಿ, ಟೆಸ್ಟ್ ಬೇಡ, ಅಂಕ ಬೇಡವೇ ಬೇಡ.

ಅವರಿಗೆ ಗಾಬರಿ. ಅರ್ಥ ಗೊತ್ತಿಲ್ಲದೆ ಸುಮ್ನೆ ಓದಿದರೆ ಏನು ಬಂತು ಅಂದರು. ನಾನು ಕೇಳಿದೆ, ಕುಮಾರವ್ಯಾಸ 15ನೇ ಶತಮಾನದವನು, ಅಲ್ಲಿಂದ ಇಲ್ಲಿಯವರೆಗೆ ಅವನನ್ನು ಪ್ರೀತಿಸಿದವರೆಲ್ಲ ಪುಸ್ತಕ ಹಿಡಿದು ಓದಿದವರಾ? ಓದು ಬರಹ ಬಾರದ ಎಷ್ಟೋ ಜನ, ಕಾವ್ಯವನ್ನು ರಾಗವಾಗಿ ಓದಿ ಹೇಳುವ ಗಮಕಿಗಳ ಬಾಯಿಂದ ಕೇಳಿಕೊಂಡೇ ಬಂದರು. ಆ ತಾಯಿಯ ಪಾಠದ ಪಟ್ಟಿಯಲ್ಲಿ ಶೇಕ್ಸ್‌ಪಿಯರ್ ಕೂಡ ಇದ್ದ. ಅವನು ತೀರಿಕೊಂಡದ್ದು 1616ರಲ್ಲಿ, ಅವನ 36 ನಾಟಕಗಳು ಒಟ್ಟಾಗಿ ಅಚ್ಚಾದದ್ದು 1623ರಲ್ಲಿ, ಅದರಲ್ಲಿ ಅರ್ಧದಷ್ಟು ಅದಕ್ಕೆ ಮೊದಲು ಅಚ್ಚೇ ಆಗಿರಲಿಲ್ಲ. ಇವೆಲ್ಲ ಕಿವಿಗೆ ಅಂತ ಹುಟ್ಟಿದ್ದು. ನಾವು ಮಕ್ಕಳಿಗೆ ಮೊದಲೇ ಕಣ್ಣಿನಿಂದ ಕೊಡುತ್ತೇವೆ, ಅದೂ ಶಬ್ದಾರ್ಥದ ಜೊತೆ.

ಪದ್ಯಕ್ಕೆ ನಾನು ಹೇಳಿದ ದಾರಿ ಇದು. ಕುಮಾರವ್ಯಾಸ ಬರೆದ ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ), ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಹೀಗೆ ಸಾಗುತ್ತದೆ. ಆರು ಸಾಲಿನಲ್ಲಿ ಮೂರನೆಯದು ಮತ್ತು ಆರನೆಯದು ಉದ್ದ, ಅವುಗಳ ಕೊನೆಗೆ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಇದನ್ನು ಮಗುವಿಗೆ ವಿವರಿಸುವುದು ಬೇಡ. ತಕಿಟ ತಕಧಿಮಿ, ತಕಿಟ ತಕಧಿಮಿ ಅಂತ ಚಪ್ಪಾಳೆ ತಟ್ಟಿ, ನಡೆಯುತ್ತಾ ಹೇಳಿ, ಮೆಟ್ಟಿಲು ಇಳಿಯುತ್ತಾ ಹೇಳಿ. ಉದ್ದ ಸಾಲಿನ ಕೊನೆಯ ಗುರು ಬಂದಾಗ ಮಗು ತಾನೇ ನಿಲ್ಲುತ್ತದೆ.

ಮೊದಲ ಪದ್ಯದಿಂದಲೇ ಶುರು ಮಾಡಬೇಕು ಅಂತ ಏನೂ ಇಲ್ಲ. ಉತ್ತರಕುಮಾರನಿಂದ ಶುರು ಮಾಡಿ ಅಂದೆ. ಅಂತಃಪುರದ ಹೆಣ್ಣುಮಕ್ಕಳ ಮುಂದೆ ಅಷ್ಟು ಜಂಬ ಕೊಚ್ಚಿಕೊಂಡವನು ಕೌರವರ ಸೇನೆ ಕಂಡು ರಥದಿಂದ ಹಾರಿ ಓಡುತ್ತಾನೆ, ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಮೊದಲು ಕಥೆಯನ್ನು ಮನೆಮಾತಿನಲ್ಲಿ ಐದು ನಿಮಿಷ ಹೇಳಿ, ಆಮೇಲೆ ಪದ್ಯ. ಮಗು ತಾನಾಗಿ ಕೇಳಿದ ಪದಕ್ಕೆ ಮಾತ್ರ ಅರ್ಥ ಹೇಳಿ, ದಿನಕ್ಕೆ ಎರಡೋ ಮೂರೋ ಸಾಕು.

ನಾಟಕಕ್ಕೆ ಹಳೆಯ ನಟರ ಉಪಾಯ. ಶೇಕ್ಸ್‌ಪಿಯರ್ ಕಾಲದಲ್ಲಿ ನಟರ ಕೈಗೆ ಇಡೀ ನಾಟಕ ಕೊಡುತ್ತಿರಲಿಲ್ಲ. ತನ್ನ ಮಾತು, ಅದಕ್ಕೆ ಮುಂಚೆ ಎದುರಿನವನು ಆಡುವ ಮಾತಿನ ಕೊನೆಯ ಎರಡು ಮೂರು ಪದ, ಅಷ್ಟೇ. ಹಾಗೇ ಚೀಟಿ ಮಾಡಿ ಕೊಡಿ. ತನ್ನ ಸರದಿ ಯಾವಾಗ ಅಂತ ಗೊತ್ತಾಗಬೇಕಾದರೆ ಮಗು ಕಿವಿಗೊಟ್ಟು ಕೇಳಲೇಬೇಕು. ಪಾತ್ರ ಹಂಚುವವಳು ಮಗಳು, ಅಮ್ಮ ಅಲ್ಲ. ಒಬ್ಬಳೇ ಮಗು ನಾಟಕ ಆಡಲಾಗುವುದಿಲ್ಲ, ತಮ್ಮ ಇದ್ದಾನೆ, ಪಕ್ಕದ ಮನೆ ಮಕ್ಕಳನ್ನೂ ಕರೆಯಿರಿ. ನೋಡುವುದಕ್ಕೆ ಅಂತ ದೊಡ್ಡವರನ್ನು ಕೂರಿಸಬೇಡಿ. ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ, ದಯವಿಟ್ಟು.

ತಾಯಿಗೆ ಇನ್ನೊಂದು ಮಾತು ಹೇಳಿದೆ: ಏಳನೇ ಕ್ಲಾಸಿನ ಆ ಕಥೆಯನ್ನು ಮಗಳಿಗೆ ಹೇಳಿ. ಅವರು ತಲೆ ಅಲ್ಲಾಡಿಸಿ, ಆಗಲ್ಲ ಅಂದರು. ಒತ್ತಾಯ ಮಾಡಲಿಲ್ಲ.

ಆರು ವಾರದ ಮೇಲೆ ಬಂದರು. ಮಗಳು ಉತ್ತರಕುಮಾರ, ತಮ್ಮ ಕುದುರೆ, ಅಮ್ಮನಿಗೆ ಬೃಹನ್ನಳೆಯ ಚೀಟಿ ಕೊಟ್ಟಿದ್ದಾಳೆ. ಆಡುವಾಗ ಅಮ್ಮ ಒಂದು ಕಡೆ ಸಾಲು ಮರೆತು ನಿಂತರಂತೆ. ಮಗಳು ಪಿಸುಮಾತಿನಲ್ಲಿ ಹೇಳಿಕೊಟ್ಟು ಆಟ ಮುಂದುವರಿಸಿದಳಂತೆ. ಅವತ್ತು ರಾತ್ರಿ ತಾಯಿ ಆ ಹಳೆಯ ಕಥೆ ಹೇಳಿದರು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಹದಿನೈದು ದಿನದಲ್ಲಿ ಎರಡು ಸಲ ಬಂದಿದೆ, ಎರಡೂ ಸಲ ಅಜ್ಜ "ಎಲ್ಲಿ, ಒಂದು ಪದ್ಯ ಹೇಳು ನೋಡೋಣ" ಅಂದಾಗ. ಮುಂದಿನ ಭೇಟಿಗೆ ಅಜ್ಜನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.