ಬೋರ್ ನೀರಿಂದಾನೇ ಮಕ್ಕಳಾಗ್ತಿಲ್ವಾ ಡಾಕ್ಟ್ರೇ?

ಪ್ರಶ್ನೆ: ನಮ್ದು ಮಡಕಶಿರಾ ಹತ್ರ ಹಳ್ಳಿ, ಆಂಧ್ರ ಆದ್ರೂ ಮನೇಲಿ ಕನ್ನಡಾನೇ. ಚಿಕ್ಕೋನಿದ್ದಾಗಿಂದ ಬೋರ್ ನೀರೇ ಕುಡ್ದಿದ್ದು, ಹಲ್ಲಲ್ಲಿ ಕಂದು ಗೆರೆ ಐತೆ. ಮದ್ವೆ ಆಗಿ ಎರಡು ವರ್ಷ, ಮಕ್ಕಳಿಲ್ಲ. ಹೆಂಡ್ತಿನ ಮೂರು ಆಸ್ಪತ್ರೆಗೆ ತೋರ್ಸಿದೀವಿ, ಏನೂ ತೊಂದ್ರೆ ಇಲ್ವಂತೆ. ಈ ಗೆರೆ ಬೋರ್ ನೀರಲ್ಲಿರೋ ಫ್ಲೋರೈಡ್ ಅನ್ನೋ ಲವಣದಿಂದಂತೆ, ಅದೇ ಫ್ಲೋರೈಡ್ ಕೊಟ್ಟ ಇಲಿಗಳಿಗೆ ವೀರ್ಯಾಣು ಕಮ್ಮಿ ಆಯ್ತು ಅಂತ ವಾಟ್ಸಾಪಲ್ಲಿ ಬಂತು, ಆವತ್ತಿಂದ ನಿದ್ದೆ ಇಲ್ಲ.

ಉತ್ತರ: ವಾಟ್ಸಾಪಲ್ಲಿ ಬಂದಿದ್ದು ಪೂರ್ತಿ ಸುಳ್ಳಲ್ಲ ಕಣಪ್ಪಾ, ಆದ್ರೆ ಎಷ್ಟು ಕೊಟ್ರು ಅನ್ನೋದನ್ನ ಮಾತ್ರ ನುಂಗಿಬಿಟ್ಟಿದಾರೆ. ಗುಜರಾತ್ ಯೂನಿವರ್ಸಿಟಿಯವರು ಗಂಡು ಸುಂಡಿಲಿಗಳಿಗೆ ದಿನಾ ಕೆಜಿ ತೂಕಕ್ಕೆ 10 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ 30 ದಿನ ಕೊಟ್ರು, ವೀರ್ಯಾಣು ಓಡಾಟ ಕುಗ್ಗಿತು, ವೃಷಣದ ಒಳಗೂ ಹಾನಿ ಕಾಣಿಸ್ತು, ಕೊಡೋದು ನಿಲ್ಸಿದ್ಮೇಲೆ ಒಂದಷ್ಟು ಸುಧಾರಿಸ್ತು ಕೂಡ. ಅದೇ ಲೆಕ್ಕ 60 ಕೆಜಿ ಗಂಡಸಿಗೆ ಹಾಕಿದ್ರೆ 600 ಮಿಲಿಗ್ರಾಂ, ಅದ್ರಲ್ಲಿ ಫ್ಲೋರೈಡ್ ಸುಮಾರು 270. ನಿಮ್ಮ ಬೋರಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಅಂದ್ಕೊಳ್ಳಿ, ದಿನಕ್ಕೆ 90 ಲೀಟರ್ ಕುಡೀಬೇಕು, ಅಂದ್ರೆ ನಾಲ್ಕೂವರೆ ಕ್ಯಾನು! ಇಲಿ ಮೈ ನಮ್ಮ ಮೈ ಒಂದೇ ಅಲ್ಲ, ಸಮಸಮ ತೂಗೋಕಾಗಲ್ಲ ನಿಜ, ಆದ್ರೂ ಅಂತರ ನೋಡಿ. ಇನ್ನೊಂದು ಕಡೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1990ರ ದಶಕದಲ್ಲಿ ಇಲಿಗಳಿಗೆ ಲೀಟರಿಗೆ 250 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಬೆರೆಸಿದ ನೀರು ಕುಡಿಸಿ ನೋಡ್ತು, ವೀರ್ಯಾಣು ಉತ್ಪತ್ತಿ ಏನೂ ಕೆಡಲಿಲ್ಲ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ ಬಿಡಿ.

ಹಲ್ಲಿನ ಗೆರೆ ಹೇಳೋದು ಹಳೇ ಕಥೆ, ಎಂಟು ವರ್ಷದೊಳಗೆ ಹಲ್ಲು ಒಳಗೊಳಗೇ ರೂಪ ಆಗೋವಾಗ ಕುಡಿದ ನೀರಿಂದು. ಅದನ್ನ ನೋಡ್ಕೊಂಡು ವೀರ್ಯದ ವಿಚಾರ ಹೇಳೋಕಾಗಲ್ಲ. ಹಾಗಂತ ಆ ನೀರೇ ಕುಡೀರಿ ಅಂತಲ್ಲ, ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಿದ್ರೆ ಕುಡಿಯೋಕೆ ಒಳ್ಳೇದಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಇರೋದನ್ನ ವರ್ಷಗಟ್ಲೆ ಕುಡಿದ್ರೆ ಮೂಳೆ, ಕೀಲಿಗೆ ಕೆಟ್ಟದ್ದು, ಕಾಯಿಸಿದ್ರೂ ಹೋಗಲ್ಲ, ನೀರು ಆವಿಯಾಗಿ ಫ್ಲೋರೈಡ್ ಪ್ರಮಾಣ ಇನ್ನೂ ಜಾಸ್ತಿ ಆಗತ್ತೆ. ಕುಡಿಯೋಕೆ, ಅಡಿಗೆಗೆ ಆರ್‌ಓ ನೀರು ತನ್ನಿ.

ನನಗೆ ಸಿಟ್ಟು ಬಂದಿದ್ದು ಬೇರೆ ಕಡೆ. ಹೆಂಡ್ತಿನ ಮೂರು ಆಸ್ಪತ್ರೆ ಸುತ್ತಿಸಿದೀರಿ, ನೀವು ಒಂದು ಸಲಾನಾದ್ರೂ ವೀರ್ಯ ಪರೀಕ್ಷೆ ಮಾಡಿಸ್ಕೊಂಡ್ರಾ? ಅದರ ಸುದ್ದೀನೇ ಬರೆದಿಲ್ಲ. ಕಮ್ಮಿ ಖರ್ಚಿನ ಟೆಸ್ಟು, ಎರಡರಿಂದ ಏಳು ದಿನ ಸಂಪರ್ಕ ಬಿಟ್ಟು ಹೋಗ್ಬೇಕು ಅಷ್ಟೇ. ಕಮ್ಮಿ ಬಂದ್ರೂ ಎದೆ ಒಡ್ಕೋಬೇಡಿ, ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಜ್ವರ ಬಂದಿದ್ರೂ ಇಳಿದಿರತ್ತೆ, ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸಿ. ಬೀಡಿ, ಗುಟ್ಕಾ ಇದ್ರೆ ಇವತ್ತೇ ಬಿಡಿ. ಬೋರ್ ನೀರನ್ನೂ ಲ್ಯಾಬಿಗೆ ಕೊಡಿ, ಗಾಜಿನ ಬಾಟ್ಲಿ ಬೇಡ, ಪ್ಲಾಸ್ಟಿಕ್ ಬಾಟ್ಲೀಲಿ ಒಯ್ಯಿರಿ.