ಉಪ್ಪಿಲ್ಲದ ಅನ್ನ, ಬಿದಿರಿನ ತಟ್ಟಿ

ಹೋದ ತಿಂಗಳು ಈ ಅಂಕಣದಲ್ಲಿ ಓದುಗರೊಬ್ಬರ ಪತ್ರಕ್ಕೆ ಉತ್ತರ ಬರೆಯುವಾಗ, ‘ಕ್ಷಮಿಸಿಬಿಡಿ ಅಂತ ಉಪದೇಶ ಮಾಡಲು ಹೊರಗಿನವರು ಯಾರು?’ ಅಂತ ಒಂದು ಸಾಲು ಸೇರಿಸಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಸೊಸೈಟಿ ಜಗಳ, ಬಾಡಿಗೆ ಮನೆ, ಮದುವೆ ಮಾತುಕತೆ ಎಲ್ಲ ಮುಂದಿನ ತಿಂಗಳಿಗೆ ಇರಲಿ. ಈ ಸಲ ಇದೊಂದೇ.

ನಾವು ಸಾರಸ್ವತರು, ಮೂಲ ಕುಮಟಾ ಕಡೆ. ಮಂಗೇಶಿ ನಮ್ಮ ಕುಲದೇವರು. ಮಗನ ಕಾಲೇಜು ಗೆಳೆಯ ಗೋವಾದ ಕ್ರಿಶ್ಚಿಯನ್ ಹುಡುಗ. ಕ್ರಿಸ್‌ಮಸ್ ಊಟಕ್ಕೆ ಕರೆದಿದ್ದಾರೆ. ‘ದೇವರನ್ನೇ ಊರು ಬಿಡಿಸಿದವರ ಮನೆಯಲ್ಲಿ ಊಟವಾ?’ ಅಂತ ನಮ್ಮ ಅತ್ತೆ ಹಟ ಹಿಡಿದಿದ್ದಾರೆ. ಏನು ಹೇಳಲಿ? — ಓದುಗಿ, ಡೊಂಬಿವಲಿ

ಮೊದಲು ಒಂದು ಮಾತು ಒಪ್ಪಿಕೊಳ್ಳಿ: ಅತ್ತೆ ಹೇಳುತ್ತಿರುವುದು ಸುಳ್ಳಲ್ಲ. ಮಂಗೇಶನ ಮೂಲ ಜಾಗ ಕುಶಸ್ಥಳಿ, ಅಂದರೆ ಈಗಿನ ಕುಠ್ಠಾಳಿ. 1560ರಲ್ಲಿ ಪೋರ್ಚುಗೀಸರ ಕಾಟಕ್ಕೆ ದೇವರನ್ನು ಎತ್ತಿಕೊಂಡು ಜುವಾರಿ ನದಿ ದಾಟಿ ಫೋಂಡಾ ಕಡೆಯ ಪ್ರಿಯೋಳಕ್ಕೆ ತಂದರು. ಕೆಳಶಿಯ ಶಾಂತಾದುರ್ಗೆ ಕವಳೆಗೆ ಬಂದಳು, ವೆರ್ಣಾದ ಮ್ಹಾಳಸೆ ಮಾರ್ದೋಳಿಗೆ ಬಂದಳು. ಗೋವಾದಲ್ಲಿ ಇನ್ಕ್ವಿಸಿಷನ್, ಅಂದರೆ ಪೋರ್ಚುಗೀಸರ ಮತವಿಚಾರಣೆಯ ಕೋರ್ಟು, ಶುರುವಾಗಿದ್ದೂ ಅದೇ 1560ರಲ್ಲಿ. ನಡುವೆ 1774ರಿಂದ 1778ರವರೆಗೆ ನಿಂತಿತ್ತು ಅನ್ನೋದು ಬಿಟ್ಟರೆ ಅದು 1812ರವರೆಗೂ ನಡೆಯಿತು. ಒಂದು ಮಾತು ಅತ್ತೆಗೆ ಮೆಲ್ಲಗೆ ಹೇಳಿ: ನದಿಯಾಚೆ ಆ ದೇವರಿಗೆ ಜಾಗ ಸಿಕ್ಕಿದ ನೆಲ ಆಗ ಬಿಜಾಪುರದ ಆದಿಲಶಾಹಿ ಸುಲ್ತಾನರದ್ದು.

ಈಗ ಆ ಹುಡುಗನ ಮನೆಗೆ ಬರೋಣ. ಇನ್ಕ್ವಿಸಿಷನ್ ಅಂದರೆ ಬರೀ ಹಿಂದೂಗಳನ್ನು ಹಿಡಿದು ಹಿಂಸಿಸಿದ ಕೋರ್ಟು ಅಂತ ತುಂಬಾ ಜನ ತಿಳಿದಿದ್ದಾರೆ. ಹಿಂದೂಗಳನ್ನೂ ಅದು ಬಿಡಲಿಲ್ಲ, ನಿಜ. ಆದರೆ ಅದರ ಮುಖ್ಯ ಬೇಟೆ ಆಗಲೇ ಕ್ರಿಶ್ಚಿಯನ್ ಆಗಿದ್ದವರು. ಮತಾಂತರ ಆದ ಮೇಲೂ ಒಳಗೊಳಗೆ ಹಳೇ ಪದ್ಧತಿ ಇಟ್ಟುಕೊಂಡಿದ್ದಾರಾ ಅಂತ ನೋಡುವುದೇ ಅದರ ಕೆಲಸ. 1736ರಲ್ಲಿ ಹೊರಡಿಸಿದ ಒಂದು ಆಜ್ಞೆ ಇದೆ. ಅಂಗಳದಲ್ಲಿ ತುಳಸಿ ಇರಬಾರದು. ಮದುವೆಗೆ ವೀಳ್ಯ ಕಳಿಸಬಾರದು, ಹಳೇ ಹಾಡು ಹೇಳಬಾರದು. ಗಂಡಸರು ಪಂಚೆ ಉಡಬಾರದು, ಹೆಂಗಸರು ಚೋಳಿ ತೊಡಬಾರದು. ಕೊನೆಗೆ ಅನ್ನದ ಮಡಕೆಗೂ ಕಣ್ಣು ಬಿತ್ತು: ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು!

ಇದನ್ನು ಓದಿದ ದಿನ ನಾನು ಒಲೆ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಅನ್ನಕ್ಕೆ ಉಪ್ಪು ಹಾಕಿದೆಯೋ ಇಲ್ಲವೋ ಅಂತ ಪಕ್ಕದ ಮನೆಯವರು ಮೂಗು ಚಾಚಿ ನೋಡಿ, ಹೋಗಿ ಚಾಡಿ ಹೇಳಬಹುದು ಅನ್ನುವ ಭಯ ಎಂಥದ್ದಿರಬಹುದು ಹೇಳಿ. ಆ ಭಯದಲ್ಲಿ ಬದುಕಿದವರಲ್ಲಿ ಆ ಹುಡುಗನ ಅಜ್ಜಿಯ ಅಜ್ಜಿಯ ಅಜ್ಜಿಯೂ ಒಬ್ಬಳಿರಬಹುದು, ಅಲ್ವಾ? ನಿಮ್ಮವರು ದೇವರನ್ನು ಹೊತ್ತುಕೊಂಡು ನದಿ ದಾಟಿದರು, ಅವಳಿಗೆ ದಾಟಲು ಆಗಲಿಲ್ಲ. ಹಾಗಿರುವಾಗ ಯಾರನ್ನು ಯಾರು ಕ್ಷಮಿಸಬೇಕು? ಶಿಕ್ಷೆ ಕೊಟ್ಟವರೂ ಇಲ್ಲ, ಪಟ್ಟವರೂ ಇಲ್ಲ. ಮಗ ಊಟಕ್ಕೆ ಹೋಗಲಿ. ಅತ್ತೆಯ ನಿಜವಾದ ಚಿಂತೆ ತಟ್ಟೆಯಲ್ಲಿ ಏನು ಬೀಳುತ್ತದೆ ಅನ್ನೋದೇ ಆಗಿದ್ದರೆ, ಅದು ಬೇರೆ ಪ್ರಶ್ನೆ. ಅದಕ್ಕೆ 1560 ಬೇಡ.

ಗೋವಾದ ಶಿರಗಾಂವದ ಲೈರಾಯಿ ದೇವಸ್ಥಾನಕ್ಕೂ ನಮ್ಮ ಮಾಪ್ಸಾದ ಮಿಲಾಗ್ರಿಸ್ ಚರ್ಚಿಗೂ ನಡುವೆ ಹೂವು, ಎಣ್ಣೆ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಇದೆ. ಇದು ಕ್ಷಮೆ ಅಲ್ಲದೆ ಮತ್ತೇನು? — ಓದುಗರು, ಮಾಪ್ಸಾ

ಲೈರಾಯಿ ದೇವಿ, ಚರ್ಚಿನ ಮಿಲಾಗ್ರಿಸ್ ಮಾತೆ (ಅಂದರೆ ಮೇರಿ) ಇಬ್ಬರೂ ಅಕ್ಕತಂಗಿಯರು ಅಂತ ಅಲ್ಲಿಯ ಜನ ನಂಬುತ್ತಾರೆ. ಅಕ್ಕತಂಗಿಯರು ಹೂವು ಎಣ್ಣೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಕ್ಷಮೆ ಅಂತ ಹೆಸರಿಡುವುದು ಯಾಕೆ? ತವರಿನ ಬಳಕೆ ಅನ್ನಿ, ಸಾಕು.

ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಸಂತರ ಪಾಲಖಿ (ಪಲ್ಲಕ್ಕಿ) ಬಂದಾಗ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳಿಗೆ ಚಹಾ ಕೊಡುತ್ತೇವೆ. ಆದರೂ ಒಂದು ಅನುಮಾನ: ಸಂತರನ್ನು ಅಷ್ಟು ಕಾಡಿದರಲ್ಲ, ಅವರು ತಿರುಗಿ ಬೈಯಲೇ ಇಲ್ಲ. ಇದು ಕೈಲಾಗದವರ ಕ್ಷಮೆ ಅಲ್ವಾ? — ಓದುಗರು, ಪುಣೆ

ಬೈಯಲಿಲ್ಲ ಅಂತ ಯಾರು ಹೇಳಿದ್ದು? ತುಕಾರಾಮರ ಅಭಂಗ ತೆರೆದು ನೋಡಿ, ಚಾಟಿ ಏಟಿನಂಥವು ಬೇಕಾದಷ್ಟಿವೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಸಂತ ಜ್ಞಾನೇಶ್ವರರ ಆಳಂದಿಯಲ್ಲಿ. ಸಂನ್ಯಾಸ ಬಿಟ್ಟು ಸಂಸಾರಕ್ಕೆ ಮರಳಿದ ತಪ್ಪಿಗೆ ಅವರ ತಂದೆಗೆ ಊರು ಬಹಿಷ್ಕಾರ ಹಾಕಿತು, ತಂದೆ ತಾಯಿ ಇಬ್ಬರೂ ನೀರಿಗೆ ಬಿದ್ದು ಜೀವ ಬಿಟ್ಟರು, ನಾಲ್ಕು ಮಕ್ಕಳು ಅನಾಥರಾದರು ಅಂತ ಪರಂಪರೆ ಹೇಳುತ್ತದೆ. ಆಮೇಲೊಂದು ದಿನ ಯಾರದೋ ಚುಚ್ಚುಮಾತಿಗೆ ನೊಂದ ಜ್ಞಾನೇಶ್ವರರು ಗುಡಿಸಲೊಳಗೆ ಹೋಗಿ ‘ತಾಟಿ’ ಹಾಕಿಕೊಂಡರಂತೆ. ತಾಟಿ ಅಂದರೆ ನಮ್ಮ ತಟ್ಟಿಯೇ, ಬಿದಿರಿನ ತಟ್ಟಿ ಬಾಗಿಲು. ತಂಗಿ ಮುಕ್ತಾಬಾಯಿ ಹೊರಗೆ ನಿಂತು ಹಾಡಿದಳು. ಲೋಕ ಸಿಟ್ಟಿನಿಂದ ಬೆಂಕಿಯಾದರೆ ಸಂತನಾದವನು ಸಂತೋಷದಿಂದ ನೀರಾಗಬೇಕು, ತಟ್ಟಿ ತೆಗಿ ಜ್ಞಾನೇಶ್ವರಾ.

ಇದೇ ಮಾತನ್ನು ಊರ ಪಂಡಿತನೊಬ್ಬ ಬಂದು ಹೇಳಿದ್ದರೆ ನಾನೇ ತಟ್ಟಿಯ ಈಚೆಗೆ ಇನ್ನೊಂದು ಅಗಳಿ ಹಾಕುತ್ತಿದ್ದೆ! ಮುಕ್ತಾಬಾಯಿ ಹೇಳಬಹುದು. ಅವಳೂ ಅದೇ ಬೆಂಕಿಯಲ್ಲಿ ಬೆಂದವಳು, ಅವಳ ಅಪ್ಪ ಅಮ್ಮನೂ ಅವರೇ ತಾನೆ. 1290ರಲ್ಲಿ ಗೀತೆಯ ಮೇಲಿನ ವ್ಯಾಖ್ಯಾನ ‘ಜ್ಞಾನೇಶ್ವರಿ’ ಮುಗಿಸುವಾಗ ಜ್ಞಾನೇಶ್ವರರು ದೇವರ ಹತ್ತಿರ ಕೇಳಿದ್ದನ್ನೂ ನೋಡಿ, ‘ಜೇ ಖಳಾಂಚೀ ವ್ಯಂಕಟೀ ಸಾಂಡೋ’. ಕೆಟ್ಟವರು ಹಾಳಾಗಲಿ ಅಂತಲ್ಲ, ಕೆಟ್ಟವರ ವಕ್ರತನ ಉದುರಿ ಹೋಗಲಿ ಅಂತ. ಅವರು ವಕ್ರರಲ್ಲ ಅಂತಲೂ ಹೇಳಲಿಲ್ಲ, ಆದದ್ದು ಆಗಿಹೋಯಿತು ಅಂತಲೂ ಹೇಳಲಿಲ್ಲ. ಕೈಲಾಗದವನ ಮಾತು ಹೀಗಿರುತ್ತಾ?

ವಿಜಯನಗರದಲ್ಲಿ ಎಲ್ಲ ಮತದವರೂ ಪ್ರೀತಿಯಿಂದ ಇದ್ದರು ಅಂತ ನಮ್ಮ ಕನ್ನಡ ಟೀಚರ್ ಹೇಳುತ್ತಾರೆ. ನಿಜವಾ? — ವಿದ್ಯಾರ್ಥಿನಿ, ಘಾಟ್ಕೋಪರ್

ಪೂರ್ತಿ ಅಲ್ಲ ಪುಟ್ಟಿ. ಪ್ರೀತಿ ಅಷ್ಟೊಂದು ಇದ್ದಿದ್ದರೆ 1368ರಲ್ಲಿ ಶ್ರವಣಬೆಳಗೊಳದಲ್ಲಿ ಆ ಶಾಸನ ಬರೆಸುವ ಕೆಲಸವೇ ಇರುತ್ತಿರಲಿಲ್ಲ. ವೈಷ್ಣವರು ನಮಗೆ ಅನ್ಯಾಯ ಮಾಡುತ್ತಿದ್ದಾರೆ ಅಂತ ಜೈನರು ಬುಕ್ಕರಾಯನ ಹತ್ತಿರ ದೂರು ತಂದರು. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ, ಜೈನರಿಗೆ ಹಾನಿಯಾದರೆ ಅದು ವೈಷ್ಣವರಿಗೇ ಆದ ಹಾನಿ ಅಂತ ತೀರ್ಪು ಕೊಟ್ಟ. ಪಾಠಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ, ನನಗೆ ಇಷ್ಟವಾಗುವುದು ಇದರ ಮುಂದಿನ ಭಾಗ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ‘ಹಣ’ (ಆಗಿನ ನಾಣ್ಯ) ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ಇಡಬೇಕು, ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಉಸ್ತುವಾರಿ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರ ಕಡೆಯವನದೇ. ಕ್ಷಮಿಸಿ ಅಂತ ಯಾರೂ ಜೈನರನ್ನು ಒತ್ತಾಯ ಮಾಡಲಿಲ್ಲ, ಕಾವಲು ಕೊಟ್ಟರು. ಆದರೆ ಏಟು ತಿಂದವರೇ ಕಾವಲಿನ ಖರ್ಚೂ ಕೊಡಬೇಕಾಯಿತಲ್ಲ, ಅದೊಂದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ. ಟೀಚರ್ ಏನು ಹೇಳುತ್ತಾರೆ ಕೇಳು.

ಇದು ಧರ್ಮದ ವಿಷಯ ಅಲ್ಲ, ಆದರೂ ಕೇಳುತ್ತೇನೆ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಮುಂಬಯಿಯಲ್ಲಿ ಗಲಾಟೆ ಆದಾಗ ನಮ್ಮ ಅಪ್ಪ ಕೆಲಸಕ್ಕಿದ್ದ ಹೋಟೆಲಿಗೆ ಕಲ್ಲು ಬಿತ್ತು. ಗಾಜಿನ ಚೂರು ತಾಗಿದ ಗುರುತು ಹುಬ್ಬಿನ ಮೇಲೆ ಈಗಲೂ ಇದೆ. ಆ ಗುಂಪಿನಲ್ಲಿದ್ದ ಒಬ್ಬರ ಮೊಮ್ಮಗಳನ್ನು ನನ್ನ ಮಗ ಮೆಚ್ಚಿದ್ದಾನೆ. ‘ನಾವೆಲ್ಲ ಅದನ್ನು ಕ್ಷಮಿಸಿದ್ದೇವೆ’ ಅಂತ ಅವರಿಗೆ ಹೇಳಿಬಿಡಲಾ? — ಓದುಗರು, ಮುಲುಂಡ್

ಮದುವೆ ಖಂಡಿತ ಮಾಡಿ. ಆ ಮಾತು ಮಾತ್ರ ಹೇಳಬೇಡಿ.

ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನ್ ತನ್ನ ತಮ್ಮನಿಗೆ ಒಂದು ಘಟನೆ ಹೇಳುತ್ತಾನೆ. ತಮ್ಮ ಮಠದಲ್ಲಿರುವವನು, ದೈವಭಕ್ತ. ಎಂಟು ವರ್ಷದ ಜೀತದ ಹುಡುಗ ಆಟವಾಡುತ್ತಾ ಎಸೆದ ಕಲ್ಲು ಜನರಲ್ ಒಬ್ಬನ ಬೇಟೆನಾಯಿಯ ಕಾಲಿಗೆ ತಾಗಿತು. ಅಷ್ಟಕ್ಕೆ ಆ ಜನರಲ್ ತಾಯಿಯ ಕಣ್ಣೆದುರೇ ಹುಡುಗನ ಮೇಲೆ ನಾಯಿಗಳನ್ನು ಬಿಟ್ಟ. ತಾಯಿ ತನಗಾದ ನೋವನ್ನು ಬೇಕಾದರೆ ಕ್ಷಮಿಸಲಿ, ಮಗುವಿಗೆ ಆದದ್ದನ್ನು ಕ್ಷಮಿಸುವ ಹಕ್ಕು ಅವಳಿಗೂ ಇಲ್ಲ ಅನ್ನುತ್ತಾನೆ ಇವಾನ್. ಹೆತ್ತವಳಿಗೇ ಇಲ್ಲದ ಹಕ್ಕು ಮಗನಾದ ನಿಮಗೆ ಎಲ್ಲಿಂದ ಬರುತ್ತದೆ?

ನಿಮ್ಮ ಪತ್ರದಲ್ಲಿ ‘ಈಗಲೂ ಇದೆ’ ಅಂತ ಬರೆದಿದ್ದೀರಿ. ಅಂದರೆ ಅಪ್ಪ ಇದ್ದಾರೆ. ಅವರನ್ನು ಕೇಳಿದಿರಾ? ಹುಡುಗಿ ಮನೆಯವರು ಬರುವ ಮೊದಲು ಒಂದು ಸಂಜೆ ಪಕ್ಕ ಕೂತು ಕೇಳಿ. ಹೂಂ ಅನ್ನಬಹುದು, ಊಹೂಂ ಅನ್ನಬಹುದು, ‘ಆ ಅಜ್ಜನನ್ನು ಒಂದು ಸಲ ಮನೆಗೆ ಕರಿ, ನೋಡೋಣ’ ಅನ್ನಲೂಬಹುದು. ಏನು ಹೇಳಿದರು ಅಂತ ನನಗೂ ಬರೆಯಿರಿ.